ಅಮ್ಮನ ಬಸ್ಸಾರು, ನನ್ನ ಮಾತ್ರೆ

ಏಪ್ರಿಲ್ 22, 2025, ಮಂಗಳವಾರ
ಕೋಲಾರ

ನಾನು ಬ್ಲೌಸ್ ಹೊಲಿಯುವವಳು. ಬೈಪೋಲಾರ್‌ಗೆ, ಅಂದರೆ ಮನಸ್ಸು ಅತಿಯಾಗಿ ಏರಿಳಿಯುವ ಕಾಯಿಲೆಗೆ, ಲಿಥಿಯಂ ಮಾತ್ರೆ ತಗೊಳ್ಳೋಕೆ ಶುರು ಮಾಡಿ ಒಂಬತ್ತು ವರ್ಷ. ಬೆರಳು ಸಣ್ಣಗೆ ನಡುಗುವುದು ಹೊಸದೇನಲ್ಲ. ಆದರೆ ಹೋದ ವಾರ ದಾರದ ತುದಿ ಎಂಜಲು ಮಾಡಿ, ಮೊಣಕೈ ಮಿಷನ್ ಮೇಲೆ ಊರಿ, ಐದು ಸಲ ನೋಡಿದರೂ ಸೂಜಿಗೆ ದಾರ ಹೋಗಲಿಲ್ಲ. ಬಾಯಾರಿಕೆಯೂ ಜಾಸ್ತಿ. ಡಾಕ್ಟರಿಗೆ ಫೋನ್ ಮಾಡಿದೆ. ರಕ್ತ ಕೊಡಿ ಅಂದರು.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ ಕೊಟ್ಟೆ. ರಾತ್ರಿ ಮಾತ್ರೆ ನುಂಗಿ 12 ಗಂಟೆ ಆಗಿರಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ. ಇವತ್ತು ರಿಪೋರ್ಟ್ ಬಂತು. ರಕ್ತದಲ್ಲಿ ಯಾವಾಗಲೂ 0.7ರ ಹತ್ತಿರ ಇರುವ ಲಿಥಿಯಂ ಲೆವೆಲ್ 1.1 ಆಗಿದೆ. ಕಿಡ್ನಿ, ಥೈರಾಯ್ಡ್ ಸರಿಯಾಗಿವೆ, ಸದ್ಯ.

"ನೋವಿನ ಮಾತ್ರೆ ಏನಾದ್ರೂ ತಗೊಂಡ್ರಾ? ಊಟದಲ್ಲಿ ಏನಾದ್ರೂ ಬದಲಾಯ್ತಾ?" ಅಂತ ಡಾಕ್ಟರ್ ಕೇಳಿದರು. ಆಗ ಹೊಳೆಯಿತು. ಅಮ್ಮನಿಗೆ ಬಿಪಿ ಅಂತ ಒಂದು ತಿಂಗಳಿಂದ ಮನೆಯವರಿಗೆಲ್ಲ ಬಸ್ಸಾರಿಗೆ ಉಪ್ಪು ಅರ್ಧಕ್ಕರ್ಧ. ಅದರ ಮೇಲೆ ಈ ಬಿಸಿಲು, ಬೆವರು.

"ಉಪ್ಪಿಗೂ ನಿನ್ನ ಮಾತ್ರೆಗೂ ಏನೇ ಸಂಬಂಧ?" ಅಂದಳು ಅಮ್ಮ. ಲಿಥಿಯಂ ಮಾತ್ರೆಯೂ ಒಂದು ಥರದ ಉಪ್ಪೇ ಅಮ್ಮಾ ಅಂದೆ. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಕಿಡ್ನಿ ಇರೋ ಉಪ್ಪನ್ನ ಬಿಡದೆ ಹಿಡಿದುಕೊಳ್ಳುತ್ತದೆ. ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಅಮ್ಮನ ಮುಖ ಸಣ್ಣಗಾಯಿತು. ಅವಳದೇನು ತಪ್ಪು? ಒಂಬತ್ತು ವರ್ಷದಲ್ಲಿ ಒಂದು ಸಲವೂ ಇದನ್ನು ಅವಳಿಗೆ ಬಿಡಿಸಿ ಹೇಳದಿದ್ದವಳು ನಾನು.

ಪಕ್ಕದ ಮನೆ ಆಂಟಿ, "ಇಷ್ಟೆಲ್ಲ ತಾಪತ್ರಯ ಯಾಕೆ, ಚೆನ್ನಾಗೇ ಇದ್ದೀಯಲ್ಲ, ಬಿಟ್ಟುಬಿಡು" ಅಂದರು. 2018ರಲ್ಲಿ ಹಾಗೇ ಬಿಟ್ಟಿದ್ದೆ. ಮೂರನೇ ವಾರಕ್ಕೆ ನಿದ್ದೆ ಹೋಯಿತು. ಸುಸ್ತೇ ಇಲ್ಲ, ತಲೆ ತುಂಬ ಹೊಸ ಹೊಸ ಡಿಸೈನ್. ರಾತ್ರಿ ಎರಡಕ್ಕೆ ಕೂತು ಗಿರಾಕಿಗಳ ಬಟ್ಟೆಯನ್ನೆಲ್ಲ ಕತ್ತರಿಸಿದೆ. ಅದರಲ್ಲಿ ಒಂದು ಧಾರೆ ಸೀರೆ. ಆ ಹುಡುಗಿಯ ತಾಯಿ ಬಾಗಿಲಲ್ಲಿ ನಿಂತು ತುಂಡುಗಳನ್ನು ಮಡಿಲಿಗೆ ತುಂಬಿಕೊಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಆಂಟಿಗೆ ಅಷ್ಟನ್ನೇ ಹೇಳಿದೆ.

ಡಾಕ್ಟರ್ ಮಾತ್ರೆ ಒಂದು ವಾರಕ್ಕೆ ಕಡಿಮೆ ಮಾಡಿದ್ದಾರೆ. ನೀರು, ಮಜ್ಜಿಗೆ ಚೆನ್ನಾಗಿ ಕುಡಿಯಬೇಕು, ಉಪ್ಪು ಮೊದಲಿನಷ್ಟೇ ಇರಬೇಕು. ವಾಂತಿ ಭೇದಿ ಆದರೆ, ನಡಿಗೆ ತೂರಾಡಿದರೆ, ನಾಲಿಗೆ ತೊದಲಿದರೆ ಕಾಯದೆ ಆಸ್ಪತ್ರೆಗೆ ಬರಬೇಕು. ಅದನ್ನು ಕ್ಯಾಲೆಂಡರ್ ಹಿಂದೆ ಬರೆದು ಅಮ್ಮನಿಗೂ ಓದಿಸಿದೆ. ರಾತ್ರಿ ಅವಳು ತನ್ನ ಸಾರನ್ನು ಬೇರೆ ಪಾತ್ರೆಗೆ ತೆಗೆದಿಟ್ಟು, ಉಳಿದದ್ದಕ್ಕೆ ಉಪ್ಪು ಹಾಕಿದಳು.

ಮುಂದಿನ ಮಂಗಳವಾರ ಮತ್ತೆ ರಕ್ತ ಕೊಡಬೇಕು. ಮಾರನೇ ದಿನ ಅಕ್ಷಯ ತೃತೀಯ, ಎರಡು ಮದುವೆ ಬ್ಲೌಸ್ ಬಾಕಿ ಇವೆ. ಸದ್ಯಕ್ಕೆ ದಾರ ಅಮ್ಮನೇ ಪೋಣಿಸಿ ಕೊಡುತ್ತಿದ್ದಾಳೆ.