ಮೂರನೇ ಸಿಲಿಂಡರ್

ಮೈಸೂರು ಹತ್ತಿರದ ವರುಣ ಗ್ರಾಮ ದಾಟಿದ ಮೇಲೆ ಲಾರಿಯೊಂದನ್ನು ಹಿಂದೆ ಹಾಕಲು ಆಕ್ಸಿಲರೇಟರ್ ಒತ್ತಿದೆ. ಕನ್ನಡಿ ತುಂಬ ನೀಲಿ ಹೊಗೆ. ಹಿಂದಿದ್ದ ಬೈಕಿನವರು ಮೂಗು ಮುಚ್ಚಿಕೊಂಡರು. ಕಾರು ಆಯಿಲ್ ಕುಡಿಯುತ್ತಿದೆ ಎಂದು ಎರಡು ತಿಂಗಳಿಂದ ಗೊತ್ತಿತ್ತು, ಸಾವಿರ ಕಿಲೋಮೀಟರಿಗೆ ಒಂದೂವರೆ ಲೀಟರ್ ಸುರಿಯುತ್ತಿದ್ದೆ. ಅವತ್ತು ಮಾತ್ರ ನಾಚಿಕೆಯಾಯಿತು.

ನನ್ನದು 2008ರ ಮಾರುತಿ 800. ಮೈಸೂರಿನಿಂದ ತಿ. ನರಸೀಪುರದ ಕಡೆಯ ನಮ್ಮ ಹೈಸ್ಕೂಲಿಗೆ ಹೋಗಿಬರಲು ದಿನಕ್ಕೆ ಹತ್ತಿರಹತ್ತಿರ 60 ಕಿಲೋಮೀಟರ್. ಹದಿನೈದು ವರ್ಷ ತುಂಬಿದಾಗ 5,000 ರೂಪಾಯಿ ಶುಲ್ಕ ಕಟ್ಟಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡಿದ್ದೆ. ಕಾರಿನ ಬಾಡಿ ಎಲ್ಲೂ ತುಕ್ಕು ಹಿಡಿದಿಲ್ಲ. ಕೈಯಲ್ಲಿದ್ದದ್ದು ಚೀಟಿ ಎತ್ತಿದ 30,000 ರೂಪಾಯಿ. ಮಾರಿಬಿಡಿ ಎಂದವರಿದ್ದರು. ಮಾರಿ ಅಷ್ಟೇ ದುಡ್ಡಿಗೆ ಇನ್ನೊಂದು ಹಳೇ ಕಾರು ತಂದರೆ, ಅದರ ಎಂಜಿನ್ನಿನ ಒಳಗೇನಿದೆ ಎಂದು ಯಾರಿಗೆ ಗೊತ್ತು?

ಮೆಕ್ಯಾನಿಕ್ ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಏಳುವ ಒತ್ತಡ, ನೋಡಿದರು. ಮೂರೂ ಸಿಲಿಂಡರಿನ ಪ್ಲಗ್ ಬಿಚ್ಚಿ, ಗೇಜ್ ಹಾಕಿ, ನನ್ನ ಕೈಯಲ್ಲಿ ಸೆಲ್ಫ್ ಹೊಡೆಸಿದರು. 155, 150, ಮೂರನೆಯದರಲ್ಲಿ ಬರೀ 100 ಪೌಂಡ್. ಅದರೊಳಗೆ ಎರಡು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದಾಗ 140ಕ್ಕೆ ಏರಿತು. ವಾಲ್ವ್ ಸೋರುತ್ತಿದ್ದರೆ ಆಯಿಲ್ ಬಿಟ್ಟರೂ ಹೀಗೆ ಏರುವುದಿಲ್ಲ. ಪಿಸ್ಟನ್ನಿನ ಸುತ್ತ ಇರುವ ರಿಂಗಿಗೂ ಅದು ಓಡಾಡುವ ಸಿಲಿಂಡರಿನ ಒಳಗೋಡೆಗೂ, ಅಂದರೆ ಬೋರಿಗೂ, ನಡುವಿನ ಸಂದನ್ನು ಆಯಿಲ್ ಸ್ವಲ್ಪ ಹೊತ್ತು ಮುಚ್ಚುವುದರಿಂದ ಮುಳ್ಳು ಮೇಲೇಳುತ್ತದೆ. ಹೊಗೆ ವಾಲ್ವ್ ಸೀಲಿನದೇ ಇರಲಿ, ಸುಲಭದಲ್ಲಿ ಮುಗಿಯಲಿ ಎಂದು ಆಸೆಪಟ್ಟಿದ್ದೆ. ಆ ಆಸೆ ಅಲ್ಲಿಗೆ ಮುಗಿಯಿತು.

"ಮೇಷ್ಟ್ರೇ, ಬರೀ ರಿಂಗ್ ಹಾಕಿದ್ರೆ ಹದಿನಾಲ್ಕು ಸಾವಿರದಲ್ಲಿ ಮುಗಿಯುತ್ತೆ. ಆದ್ರೆ ಬೋರ್ ಅಳೀದೆ ನಾನು ಮಾತು ಕೊಡಲ್ಲ."

ಅಷ್ಟರಲ್ಲಿ ಗುಜರಿ ಅಂಗಡಿಯೊಂದರಲ್ಲಿ 16,000ಕ್ಕೆ ಸೆಕೆಂಡ್ ಹ್ಯಾಂಡ್ ಎಂಜಿನ್ ಇದೆ ಎಂದು ತಿಳಿದು ಹೋಗಿ ನೋಡಿದೆ. ಎರಡು ದಿನದ ಕೆಲಸ, ಸೋಮವಾರ ಶಾಲೆಗೆ ಕಾರಿನಲ್ಲೇ ಹೋಗಬಹುದು. ಆಸೆಯಾಗದೆ ಇರಲಿಲ್ಲ. ಎಷ್ಟು ಓಡಿದೆ ಎಂದರೆ ಅಂಗಡಿಯವರು "ಚೆನ್ನಾಗಿದೆ ಸಾರ್" ಎಂದರು, ಸ್ಟಾರ್ಟ್ ಮಾಡಿ ತೋರಿಸುವ ಏರ್ಪಾಡು ಅಲ್ಲಿರಲಿಲ್ಲ. ಎಂಜಿನ್ ನಂಬರ್ ಬದಲಾದರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಅದಕ್ಕೆ ಬೇಕಾದ ಕಾಗದ ಕೊಡುತ್ತೀರಾ ಎಂದಾಗ ಅವರು ಮಾತು ಬದಲಾಯಿಸಿದರು. ವಾಪಸ್ ಬಂದೆ.

ಎಂಜಿನ್ ಇಳಿಸಿ, ಬ್ಲಾಕನ್ನು ಆಟೋದಲ್ಲಿ ಲೇತ್ ಅಂಗಡಿಗೆ ಒಯ್ದೆವು. ಲೇತಿನ ಹಿರಿಯರು ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ ಇಟ್ಟು, ತಿರುಗಿಸಿ ಅಡ್ಡಡ್ಡ ಇಟ್ಟು ಅಳೆದರು. ಹೊಸದರಲ್ಲಿ 68.5 ಮಿಲಿಮೀಟರ್ ಇರುವ ಬೋರು ಮೂರನೇ ಸಿಲಿಂಡರಿನ ಮೇಲ್ಭಾಗದಲ್ಲಿ 0.13 ಮಿಲಿಮೀಟರ್ ಸವೆದು ಅಂಡಾಕಾರವಾಗಿತ್ತು. ದುಂಡಗಿನ ಹೊಸ ರಿಂಗ್ ಅಂಥ ಬೋರಿನಲ್ಲಿ ಸರಿಯಾಗಿ ಕೂರುವುದಾದರೂ ಹೇಗೆ? ಆರು ತಿಂಗಳಲ್ಲಿ ಮತ್ತೆ ಹೊಗೆ, ಹದಿನಾಲ್ಕು ಸಾವಿರವೂ ನೀರುಪಾಲು. ಬೋರನ್ನು ಕೊರೆದು ಮತ್ತೆ ದುಂಡಗೆ ಮಾಡುವ ಬೋರಿಂಗೇ ಆಗಲಿ ಎಂದೆ.

ಎಂಜಿನ್ ಬಿಚ್ಚಿದ ಮೇಲೆ ಎಲ್ಲವನ್ನೂ ಹೊಸದು ಮಾಡಿಸಬೇಕು ಅನಿಸುತ್ತದೆ. ಪಿಸ್ಟನ್ನುಗಳು ತಿರುಗಿಸುವ ದಂಡ, ಕ್ರ್ಯಾಂಕ್, ಅಳತೆಯೊಳಗೇ ಇದ್ದದ್ದರಿಂದ ಗ್ರೈಂಡಿಂಗ್ ಬೇಡ ಎಂದರು. ಪಾಲಿಶ್ ಮಾಡಿ ಸ್ಟ್ಯಾಂಡರ್ಡ್ ಬೇರಿಂಗ್ ಹಾಕಿದೆವು. ಆಯಿಲ್ ಪಂಪ್ ಹಳೆಯದೇ ಉಳಿಯಿತು. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ಲಚ್ ಪ್ಲೇಟಿನಲ್ಲಿ ನಾನು ದುಡ್ಡು ಉಳಿಸಲು ಹೋಗಲಿಲ್ಲ, ಹೊಸದೇ ಹಾಕಿಸಿದೆ. ನಾಳೆ ಕ್ಲಚ್ ಹೋದರೆ ಗೇರ್‌ಬಾಕ್ಸ್ ಇಳಿಸುವ ಕೂಲಿಯನ್ನು ಇನ್ನೊಮ್ಮೆ ತೆರಬೇಕಲ್ಲ. 800ರ ತಯಾರಿಕೆ 2014ರಲ್ಲೇ ನಿಂತಿದ್ದರೂ ಅದೇ 796 ಸಿಸಿ ಎಂಜಿನ್ ಓಮ್ನಿಯಲ್ಲಿ ಇನ್ನೂ ಐದು ವರ್ಷ ಬಂದಿದ್ದರಿಂದ ಸಾಮಾನಿಗೆ ಅಲೆಯಬೇಕಾಗಲಿಲ್ಲ.

ಹೊಸ ಪಿಸ್ಟನ್ ಕೈಗೆ ಬರುವ ತನಕ ಲೇತಿನವರು ಬ್ಲಾಕನ್ನು ಮುಟ್ಟಲೇ ಇಲ್ಲ. ಪೆಟ್ಟಿಗೆಯ ಮೇಲೆ ಬರೆದ ಅಳತೆಯನ್ನು ನಂಬದೆ ಮೂರು ಪಿಸ್ಟನ್ನುಗಳನ್ನೂ ಮೈಕ್ರೋಮೀಟರಿನಲ್ಲಿ ಅಳೆದು, ಒಂದೊಂದಕ್ಕೂ ತಕ್ಕಂತೆ ಬೋರ್ ತೆಗೆದರು. 0.50 ಮಿಲಿಮೀಟರ್ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಬೇಡ, 0.25ರಲ್ಲೇ ಸವೆತ ಹೋಗುತ್ತದೆ, ಮುಂದೆ ಇನ್ನೊಂದು ಬೋರಿಂಗಿಗೆ ಲೋಹ ಉಳಿಯುತ್ತದೆ ಎಂದವರೂ ಅವರೇ. ನನ್ನ ಜೇಬನ್ನೂ ಎಂಜಿನ್ನನ್ನೂ ಒಟ್ಟಿಗೆ ಕಾಪಾಡಿದ ಮಾತು ಅದು.

ಒಟ್ಟು 29,400 ಆಯಿತು. ಹನ್ನೊಂದು ದಿನ ಬಸ್ಸಿನಲ್ಲಿ ಓಡಾಡಿದೆ. ಮೊದಲ ಸಾವಿರ ಕಿಲೋಮೀಟರ್ 60ರ ವೇಗ ದಾಟಿಸಲಿಲ್ಲ. ಹಾಗೆಂದು ಒಂದೇ ವೇಗದಲ್ಲೂ ಎಳೆಯದೆ, ಏರಿಸಿ ಇಳಿಸಿ ಓಡಿಸಿದೆ. ಐನೂರಕ್ಕೆ ಆಯಿಲ್ ಬದಲಿಸಿದೆ. ಸಾವಿರ ತುಂಬಿದ ದಿನ ವರುಣದ ಬಳಿ ನಿಲ್ಲಿಸಿ, ಎಂಜಿನ್ ತಣ್ಣಗಾದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿದೆ. ತುಂಬಿದ ಗೆರೆಯಿಂದ ಆಯಿಲ್ ಕೂದಲೆಳೆಯಷ್ಟೇ ಇಳಿದಿತ್ತು.

ಮೂರನೇ ಸಿಲಿಂಡರಿನ ಹಳೇ ಪಿಸ್ಟನ್ ಈಗ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿದೆ. ಆಯಿಲ್ ರಿಂಗ್ ಮಸಿಯಲ್ಲಿ ಹೂತು ಅಲ್ಲಾಡದಂತಾಗಿದೆ. ಎಂಟನೇ ತರಗತಿಯವರಿಗೆ ವರ್ನಿಯರ್ ಹೇಳಿಕೊಡುವಾಗ ಅದನ್ನೇ ಕೊಟ್ಟೆ. ನಮ್ಮ ವರ್ನಿಯರಿನ ಕನಿಷ್ಠ ಅಳತೆ 0.1 ಮಿಲಿಮೀಟರ್, ಬೋರ್ ಸವೆದದ್ದು 0.13 ಎಂದು ಹೇಳಿದೆ. "ಸಾರ್, ನಿಮ್ಮ ಕಾರು ಕೆಟ್ಟಿದ್ದು ಇದರಲ್ಲಿ ಒಂದೇ ಗೀಟಿಗಾ?" ಎಂದು ಹುಡುಗಿಯೊಬ್ಬಳು ಕೇಳಿದಳು. ಒಂದು ಗೀಟು, ಮೇಲೆ ಸ್ವಲ್ಪ ಎಂದೆ. ಅವಳು ವರ್ನಿಯರನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಒಂದು ಗೀಟನ್ನು ನೋಡತೊಡಗಿದಳು.