650 ಪದಗಳ ಪ್ರಬಂಧ: ಏನು ಬರೆಯಬೇಕು, ಏನು ಬಿಡಬೇಕು

ಅಮೆರಿಕದಲ್ಲಿ ಪದವಿ ಓದಲು ಅರ್ಜಿ ಹಾಕುವವರು ಪ್ರಬಂಧದಲ್ಲಿ ಎಡವುವುದು ಇಂಗ್ಲಿಷಿನಿಂದ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ವ್ಯಾಕರಣವನ್ನು ಹೇಗೋ ಸರಿಮಾಡಿಕೊಳ್ಳಬಹುದು. ಎಡವುವುದು ಅದಕ್ಕೂ ಮೊದಲು, ವಿಷಯ ಆರಿಸುವಾಗಲೇ. ಅರ್ಜಿಯ ಬೇರೆ ಪುಟಗಳಲ್ಲಿ ಆಗಲೇ ಹೇಳಿದ್ದನ್ನು ಇಲ್ಲಿ ಉದ್ದ ಮಾಡಿ ಇನ್ನೊಮ್ಮೆ ಹೇಳುತ್ತಾರೆ, ಅಷ್ಟರಲ್ಲಿ ಜಾಗ ಮುಗಿದಿರುತ್ತದೆ.

ಅದಕ್ಕೇ ಮೊದಲು ಯಾವುದಕ್ಕೆ ಎಲ್ಲಿ ಜಾಗವಿದೆ ನೋಡಿಕೊಳ್ಳಿ. ಹಲವು ಅಮೆರಿಕನ್ ಕಾಲೇಜುಗಳಿಗೆ ಒಂದೇ ಅರ್ಜಿ ತುಂಬಿ ಕಳಿಸುವ ಜಾಲತಾಣವೇ ಕಾಮನ್ ಆ್ಯಪ್. ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗಳಿಗೆ ಹತ್ತು ಸಾಲುಗಳಿವೆ, ಒಂದೊಂದರ ವಿವರಣೆಗೆ 150 ಅಕ್ಷರ. ಪ್ರಶಸ್ತಿಗಳಿಗೆ ಐದು ಜಾಗ. ಅಂಕಗಳು ಶಾಲೆಯಿಂದ ಹೋಗುತ್ತವೆ, ತರಗತಿಯಲ್ಲಿ ನೀವು ಹೇಗೆ ಎಂಬುದನ್ನು ಶಿಕ್ಷಕರ ಪತ್ರ ಹೇಳುತ್ತದೆ. ಕಾಯಿಲೆ, ಮನೆಯ ಕಷ್ಟ, ಶಾಲೆ ಬದಲಾಯಿಸಿದ್ದು, ಒಂದು ವರ್ಷ ಅಂಕ ಕುಸಿದದ್ದು ಇಂಥವಕ್ಕೆ ಸವಾಲು-ಸನ್ನಿವೇಶಗಳ ಬೇರೆಯದೇ ವಿಭಾಗವಿದೆ, 250 ಪದಗಳದ್ದು. ಹೆಚ್ಚುವರಿ ಮಾಹಿತಿಯ ವಿಭಾಗವೂ ಉಂಟು. ಅದು ಮೊದಲು 650 ಪದ ಇತ್ತು, 2025-26ರ ಸಾಲಿನಿಂದ 300ಕ್ಕೆ ಇಳಿದಿದೆ. ಹಳೆಯ ಸಲಹೆಗಳನ್ನು ಓದಿಕೊಂಡು ಅಲ್ಲಿ ಎರಡನೆಯ ಪ್ರಬಂಧ ತುರುಕಲು ಹೋಗಬೇಡಿ.

ಇಷ್ಟೆಲ್ಲ ಬೇರೆ ಕಡೆ ಹೋದಮೇಲೆ ಪ್ರಬಂಧಕ್ಕೆ ಉಳಿಯುವ ಕೆಲಸ ಒಂದೇ: ಅರ್ಜಿ ಹಾಕಿದ ಹುಡುಗಿಯ ತಲೆ ಹೇಗೆ ಓಡುತ್ತದೆ, ಯಾವುದನ್ನು ಗಮನಿಸುತ್ತಾಳೆ, ಗಮನಿಸಿದ್ದನ್ನು ಏನು ಮಾಡುತ್ತಾಳೆ ಎಂದು ತೋರಿಸುವುದು. ಸ್ನಾತಕೋತ್ತರಕ್ಕೆ ಹೋದ ಅಣ್ಣನೋ ಅಕ್ಕನೋ ಬರೆದ ಉದ್ದೇಶ ಪತ್ರವನ್ನು, ಅಂದರೆ ಎಸ್‌ಒಪಿಯನ್ನು ಮಾದರಿ ಮಾಡಿಕೊಂಡರೆ ಕೆಡುವುದು ಇದೇ ಕಾರಣಕ್ಕೆ. ಅದು ಸಂಶೋಧನೆಯ ಆಸಕ್ತಿ, ಪ್ರಾಜೆಕ್ಟು, ಮುಂದಿನ ಗುರಿ ಹೇಳುವ ಬರಹ. ಪದವಿ ಅರ್ಜಿಯ ಪ್ರಬಂಧದ ಜಾತಿಯೇ ಬೇರೆ.

ಕಾಮನ್ ಆ್ಯಪ್ ಏಳು ಪ್ರಶ್ನೆ ಕೊಡುತ್ತದೆ, ಒಂದಕ್ಕೆ ಬರೆಯಬೇಕು. ಕನಿಷ್ಠ 250 ಪದ, ಗರಿಷ್ಠ 650. ಏಳನೆಯದು 'ನಿಮಗಿಷ್ಟವಾದ ಯಾವುದೇ ವಿಷಯ' ಎಂದಿರುವುದರಿಂದ ಪ್ರಶ್ನೆ ಯಾವುದು ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬರೆದು ಮುಗಿಸಿ, ಆಮೇಲೆ ಯಾವುದಕ್ಕೆ ಹೊಂದುತ್ತದೋ ಅದಕ್ಕೆ ಟಿಕ್ ಹಾಕಿ. ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೂತರೆ 'ನಾನು ಎದುರಿಸಿದ ಸೋಲು' ಎಂಬ ತಲೆಬರಹದ ಶಾಲಾ ಪ್ರಬಂಧ ಹುಟ್ಟುತ್ತದೆ.

ವಿಷಯ ಹುಡುಕಲು ಒಂದು ವಾರ ಸುಮ್ಮನೆ ಪಟ್ಟಿ ಮಾಡಿ. ಯಾರೂ ಹೇಳದೆ ನೀವಾಗಿಯೇ ಮಾಡುವ ಕೆಲಸಗಳು. ಬೇರೆಯವರು ನಿಮ್ಮ ಹತ್ತಿರವೇ ತರುವ ತೊಂದರೆಗಳು. ಒಂದು ಕಾಲಕ್ಕೆ ಖಂಡಿತ ಎಂದು ನಂಬಿ ಈಗ ಕೈಬಿಟ್ಟ ಅಭಿಪ್ರಾಯ. ವಾದ ಮಾಡಿ ಸೋತ ಸಂದರ್ಭ. ಹದಿನೈದು ಇಪ್ಪತ್ತು ಸಾಲು ಆದಮೇಲೆ ಮೂರನ್ನು ಆರಿಸಿ, ಒಂದೊಂದರ ಮೇಲೂ ನಿಲ್ಲದೆ 200 ಪದ ಬರೆಯಿರಿ. ಯಾವುದರಲ್ಲಿ 200 ಪದ ದಾಟಿಯೂ ಹೇಳುವುದು ಮುಗಿದಿಲ್ಲವೋ ಅದೇ ನಿಮ್ಮ ವಿಷಯ. ಇಂಗ್ಲಿಷಿನಲ್ಲಿ ಕೈ ಕಟ್ಟಿಹಾಕಿದ ಹಾಗಾದರೆ ಈ ಹಂತವನ್ನು ಕನ್ನಡದಲ್ಲೇ ಮುಗಿಸಿ. ವಿವರಗಳು ನಿಮಗೆ ನೆನಪಾಗುವುದು ಯಾವ ಭಾಷೆಯಲ್ಲೋ ಅದರಲ್ಲೇ ಮೊದಲು ಕಾಗದಕ್ಕೆ ಬರಲಿ.

ಗೆದ್ದ ಪಂದ್ಯ, ಮುರಿದ ಕಾಲು, ತೀರಿಕೊಂಡ ಅಜ್ಜಿ, ಒಂದು ವಾರ ಬಡಮಕ್ಕಳಿಗೆ ಪಾಠ ಹೇಳಿದ್ದು. ಇವನ್ನು ಬರೆಯಲೇಬಾರದು ಎಂಬ ಕಟ್ಟಳೆ ಏನಿಲ್ಲ. ಆದರೆ ಇವುಗಳ ಅಂತ್ಯ ಓದುವವರಿಗೆ ಎರಡನೆಯ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ಅಜ್ಜಿಯ ಪ್ರಬಂಧಗಳಲ್ಲಿ ಮತ್ತೊಂದು ತೊಂದರೆ: ಅಜ್ಜಿ ಕಣ್ಣಿಗೆ ಕಟ್ಟುತ್ತಾರೆ, ಅರ್ಜಿ ಹಾಕಿದವರು ಕಾಣುವುದೇ ಇಲ್ಲ. ಸೇರಿಸಿಕೊಳ್ಳಬೇಕಾದದ್ದು ಅಜ್ಜಿಯನ್ನಲ್ಲವಲ್ಲ.

ಎರವಲು ಕಥೆಯ ಗತಿ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಒಂದು ಪ್ರಸಂಗ ಹೆಸರುವಾಸಿ. ಅಲ್ಲಿ ವಿಶ್ವವಿದ್ಯಾಲಯ ಅರ್ಜಿಗಳನ್ನು ನಿರ್ವಹಿಸುವ ಯುಕಾಸ್ ಸಂಸ್ಥೆ ಅರ್ಜಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದಾಗ, ಎಂಟನೆಯ ಹುಟ್ಟುಹಬ್ಬಕ್ಕೆ ಬಂದ ರಸಾಯನಶಾಸ್ತ್ರದ ಕಿಟ್‌ನಿಂದ ಪೈಜಾಮ ಸುಟ್ಟುಕೊಂಡ ಕಥೆ 234 ಅರ್ಜಿಗಳಲ್ಲಿ ಸಿಕ್ಕಿತು. ಇದು ಸುದ್ದಿಯಾದದ್ದು 2007ರಲ್ಲಿ. ಜಾಲದಲ್ಲಿದ್ದ ಮಾದರಿಯಿಂದ ಎತ್ತಿಕೊಂಡದ್ದು. ಮಾದರಿ ಪ್ರಬಂಧಗಳನ್ನು ಓದುವುದಾದರೆ ನಿಮ್ಮ ಮೊದಲ ಕರಡು ಮುಗಿದ ಮೇಲೆ ಓದಿ.

ಈಗ ಒಂದು ಉದಾಹರಣೆಯನ್ನೇ ಬಿಚ್ಚಿ ನೋಡೋಣ. ಹೊಲಿಗೆ ಯಂತ್ರದ ಮೇಲೆ ಬರೆಯಲು ಹೊರಟ ವಿದ್ಯಾರ್ಥಿನಿ ಎಂದಿಟ್ಟುಕೊಳ್ಳಿ. ಮೊದಲ ಕರಡಿನಲ್ಲಿ ಸಾಮಾನ್ಯವಾಗಿ ಬರುವ ಸಾಲು ಇದು: 'ಹೊಲಿಗೆ ನನಗೆ ತಾಳ್ಮೆ, ಏಕಾಗ್ರತೆ ಮತ್ತು ಸೋಲಿಗೆ ಅಂಜದ ಮನೋಭಾವವನ್ನು ಕಲಿಸಿದೆ.' ಇದರಲ್ಲಿ ಸುಳ್ಳಿಲ್ಲ. ಆದರೆ ಹೊಲಿಗೆ ತೆಗೆದು ಈಜು ಹಾಕಿ, ವೀಣೆ ಹಾಕಿ, ಚದುರಂಗ ಹಾಕಿ, ಸಾಲು ಹಾಗೇ ನಿಲ್ಲುತ್ತದೆ. ಅದೇ ಸಮಸ್ಯೆ. ಈಗ ಇದನ್ನು ನೋಡಿ:

'ಬಟ್ಟೆಯ ಅಡಿಯಲ್ಲಿ ದಾರ ಗುಂಜುಗುಂಜಾಗಿ ನೇತಾಡುತ್ತಿತ್ತು. ತೊಂದರೆ ಕೆಳಗೆ ಕಾಣಿಸಿದ್ದರಿಂದ ಕೆಳಗಿನ ದಾರ ಸುತ್ತಿದ ಬಾಬಿನ್‌ದೇ ತಪ್ಪು ಎಂದು ಅದನ್ನು ಮೂರು ಸಲ ಬಿಚ್ಚಿ ಸುತ್ತಿದೆ. ತಪ್ಪಿದ್ದದ್ದು ಮೇಲೆ. ಬಟ್ಟೆಯನ್ನು ಒತ್ತಿಹಿಡಿಯುವ ಫುಟ್ ಇಳಿಸಿಕೊಂಡೇ ದಾರ ಪೋಣಿಸಿದ್ದೆ. ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಅದು ಕೂತೇ ಇರಲಿಲ್ಲ.'

ಇದನ್ನು ಯಂತ್ರ ಮುಟ್ಟದವರು ಬರೆಯಲಾರರು. ಫುಟ್ ಎತ್ತಿದಾಗ ಬಿಲ್ಲೆಗಳು ಸಡಿಲವಾಗಿ ದಾರ ಒಳಗೆ ಕೂರುತ್ತದೆ, ಇಳಿಸಿದಾಗ ಬಿಗಿಯಾಗಿ ದಾರ ಹೊರಗೇ ಉಳಿಯುತ್ತದೆ. ಆದರೆ ಇಲ್ಲಿಗೇ ನಿಲ್ಲಿಸಿದರೆ ಅದು ರಿಪೇರಿ ಕೈಪಿಡಿ. ಪ್ರಬಂಧದ ಅಸಲು ಕೆಲಸ ಇಲ್ಲಿಂದ ಮುಂದೆ. ತೊಂದರೆ ಕಾಣುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ ಎಂಬ ಯೋಚನೆಯನ್ನು ಆಕೆ ಮುಂದೆ ಎಲ್ಲಿಗೆ ಒಯ್ದಳು? ಶಾಲೆಯ ಮೇಳದ ಲೆಕ್ಕದಲ್ಲಿ ಹಣ ಕಡಿಮೆ ಬಂದು ಎಲ್ಲರೂ ಗಲ್ಲಾಪೆಟ್ಟಿಗೆ ಎಣಿಸುತ್ತಿದ್ದಾಗ ಆಕೆ ಟಿಕೆಟ್ ಪುಸ್ತಕದ ಕ್ರಮಸಂಖ್ಯೆ ನೋಡಲು ಹೋದಳೇ? ಎಲ್ಲಿ ಈ ಯೋಚನೆ ಕೈಕೊಟ್ಟಿತು? ಗೆಳತಿ ಸಿಟ್ಟಾಗಿದ್ದಾಗ 'ನಿಜವಾದ ಕಾರಣ ಬೇರೇನೋ ಇರಬೇಕು' ಎಂದು ಕೆದಕಿ ಜಗಳ ದೊಡ್ಡದು ಮಾಡಿಕೊಂಡಳೇ? ಆ ಕೊನೆಯದು ಇದ್ದರೆ ಬಿಡಲೇಬೇಡಿ. ತನ್ನ ಯೋಚನೆಗೆ ಮಿತಿಯಿದೆ ಎಂದು ಕಂಡುಕೊಂಡವರ ಬರಹ, ಎಲ್ಲದರಲ್ಲೂ ಗೆದ್ದವರ ಬರಹಕ್ಕಿಂತ ಎಷ್ಟೋ ಮೇಲು.

ಪದಗಳ ಹಂಚಿಕೆಗೆ ಒಂದು ಅಂದಾಜು ಇಟ್ಟುಕೊಳ್ಳಿ. ಆರಂಭದ ಘಟನೆಗೆ 120ರಿಂದ 150 ಪದ ಸಾಕು. ಹಿನ್ನೆಲೆಗೆ 60-80. ಮಧ್ಯದ ಯೋಚನೆ, ಅದು ಇತರ ಕಡೆ ಹರಡಿದ್ದು, ತಡವರಿಸಿದ್ದು ಇವಕ್ಕೆ ಕನಿಷ್ಠ 300. ಉಳಿದದ್ದು ಈಗ ನೀವು ಎಲ್ಲಿದ್ದೀರಿ ಎಂಬುದಕ್ಕೆ. ಹೆಚ್ಚಿನ ಕರಡುಗಳಲ್ಲಿ ಇದು ತಲೆಕೆಳಗಾಗಿರುತ್ತದೆ: ಘಟನೆಗೇ 400 ಪದ ಖರ್ಚಾಗಿ, ಯೋಚನೆಯೆಲ್ಲ ಕೊನೆಯ ಪ್ಯಾರಾಕ್ಕೆ ಬಂದು ಬಿದ್ದು, 'ಅಂದಿನಿಂದ ನಾನು ಬದಲಾದೆ' ಎಂಬಲ್ಲಿ ಮುಗಿಯುತ್ತದೆ.

ಮೊದಲ ಕರಡು 850-900 ಪದ ಆಗಲಿ, ಚಿಂತೆಯಿಲ್ಲ. ಎರಡು ಮೂರು ದಿನ ಮುಟ್ಟದೆ ಬಿಟ್ಟು ಆಮೇಲೆ ಕತ್ತರಿ ಹಿಡಿಯಿರಿ. ಮೊದಲು ಮೊದಲ ಪ್ಯಾರಾ ತೆಗೆದು ಓದಿ. ಗಾದೆ, ಮಹಾತ್ಮರ ಮಾತು, ನಿಘಂಟಿನ ಅರ್ಥದಿಂದ ಆರಂಭವಾಗಿದ್ದರೆ ಅದು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ನಂತರ ಕೊನೆಯ ಪ್ಯಾರಾ. ಅಲ್ಲಿ ಹೊಸ ಸಂಗತಿ ಇಲ್ಲದಿದ್ದರೆ ಅದೂ ಹೋಗಲಿ. ಆಮೇಲೆ 'ಬಹಳ', 'ನಿಜಕ್ಕೂ', 'ಜೀವನದ ಪ್ರತಿಯೊಂದು ಹಂತದಲ್ಲೂ' ಇತ್ಯಾದಿ. 630ರ ಆಸುಪಾಸಿಗೆ ಬಂದರೆ ಆಯಿತು, 650 ತುಂಬಿಸಲೇಬೇಕೆಂದಿಲ್ಲ. ಪೂರ್ತಿ ಪ್ರಬಂಧವನ್ನು ಗಟ್ಟಿಯಾಗಿ ಓದಿಕೊಂಡು, ನಾಲಿಗೆ ತೊಡರಿದಲ್ಲಿ ಗುರುತು ಹಾಕಿ. ಪರ್ಯಾಯ ಪದಕೋಶದಿಂದ ಎತ್ತಿ ತಂದ ಪದಗಳು ಸಿಕ್ಕಿಬೀಳುವುದು ಅಲ್ಲೇ.

ಒಂದೊಂದು ಕಾಲೇಜು ತನ್ನದೇ ಆಗಿ ಕೇಳುವ ಸಪ್ಲಿಮೆಂಟ್ ಪ್ರಬಂಧಗಳ ಪೈಕಿ 'ನಮ್ಮ ಕಾಲೇಜೇ ಯಾಕೆ' ಎಂಬುದು ಅತಿ ಹೆಚ್ಚು ಕೆಡುವಂಥದ್ದು. ಸಾಮಾನ್ಯವಾಗಿ 100ರಿಂದ 300 ಪದದೊಳಗೆ ಕೇಳುತ್ತಾರೆ. ಪರೀಕ್ಷೆ ಸುಲಭ: ಕಾಲೇಜಿನ ಹೆಸರು ಅಳಿಸಿ ಇನ್ನೊಂದರ ಹೆಸರು ಬರೆಯಿರಿ. ಆಗಲೂ ಅರ್ಥ ಕೊಡುವ ಸಾಲುಗಳನ್ನೆಲ್ಲ ಹೊಡೆದುಹಾಕಿ. 'ವಿಶ್ವದರ್ಜೆಯ ಅಧ್ಯಾಪಕರು, ಸುಂದರ ಆವರಣ' ಮೊದಲ ಏಟಿಗೇ ಹೋಗುತ್ತವೆ. ಕೊಲೊರಾಡೊ ಕಾಲೇಜಿನಲ್ಲಿ ಮೂರೂವರೆ ವಾರ ಒಂದೇ ಕೋರ್ಸು ಓದಿ ನಂತರ ಮುಂದಿನದಕ್ಕೆ ಹೋಗುವ ಬ್ಲಾಕ್ ಪದ್ಧತಿ ಇದೆ. ಬ್ರೌನ್ ವಿಶ್ವವಿದ್ಯಾಲಯದಲ್ಲಿ 1969ರಿಂದ ಎಲ್ಲರಿಗೂ ಕಡ್ಡಾಯವಾದ ಸಾಮಾನ್ಯ ವಿಷಯಗಳ ಪಟ್ಟಿ ಇಲ್ಲ. ಇಂಥದ್ದನ್ನು ಹೆಸರಿಸಿದರಷ್ಟೇ ಸಾಲದು, ಅದು ಅವರಿಗೇ ಗೊತ್ತು. ಒಂದೇ ವಿಷಯದಲ್ಲಿ ಮೂರೂವರೆ ವಾರ ಮುಳುಗುವುದು ನಿಮಗೆ ಯಾಕೆ ಒಗ್ಗುತ್ತದೆ ಎಂಬುದಕ್ಕೆ ನಿಮ್ಮ ಓದಿನಿಂದಲೇ ಒಂದು ಸಾಕ್ಷಿ ಬೇಕು. ಕೋರ್ಸಿನ ಹೆಸರನ್ನು ಈ ವರ್ಷದ ಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ನಿವೃತ್ತರಾದ ಅಧ್ಯಾಪಕರ ಕೈಕೆಳಗೆ ಕಲಿಯುವ ಆಸೆ ತೋಡಿಕೊಳ್ಳುವವರು ಕಡಿಮೆಯಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬೇರೆ ಅರ್ಜಿ. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ, ಒಂದೊಂದಕ್ಕೆ ಗರಿಷ್ಠ 350 ಪದ. ನೀವು ಆರಿಸಿದ ಕ್ಯಾಂಪಸ್‌ಗಳಿಗೆಲ್ಲ ಅದೇ ಉತ್ತರ ಹೋಗುವುದರಿಂದ ಒಂದರ ಹೆಸರು ಎತ್ತಬೇಡಿ. ಇಲ್ಲಿ ವರ್ಣನೆಗೆ ಬೆಲೆ ಕಡಿಮೆ, ನೇರವಾಗಿ ಏನು ಮಾಡಿದಿರಿ, ಯಾಕೆ, ಏನಾಯಿತು ಎಂದು ಹೇಳಿ. ಕಾಮನ್ ಆ್ಯಪ್ ಪ್ರಬಂಧವನ್ನು ಅರ್ಧ ಮಾಡಿ ಇಲ್ಲಿ ಅಂಟಿಸಿದರೆ ಮುಂಡವಿಲ್ಲದ ತಲೆಯಾಗುತ್ತದೆ.

ಬ್ರಿಟನ್ನಿನದು ಇನ್ನೂ ಬೇರೆ. ಯುಕಾಸ್ 2026ರ ಪ್ರವೇಶದಿಂದ ಒಂದೇ ಉದ್ದನೆಯ ಬರಹದ ಬದಲು ಮೂರು ಪ್ರಶ್ನೆ ಕೇಳುತ್ತಿದೆ: ಈ ವಿಷಯ ಯಾಕೆ, ಓದು ನಿಮ್ಮನ್ನು ಹೇಗೆ ಅಣಿಮಾಡಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಒಟ್ಟು 4000 ಅಕ್ಷರ, ಖಾಲಿ ಜಾಗವೂ ಲೆಕ್ಕಕ್ಕೆ. ಒಂದೊಂದಕ್ಕೂ ಕನಿಷ್ಠ 350 ಅಕ್ಷರ. ಅಲ್ಲಿ ಓದುವವರು ಮುಖ್ಯವಾಗಿ ನೋಡುವುದು ಆ ವಿಷಯದಲ್ಲಿ ನಿಮಗಿರುವ ಆಸಕ್ತಿಯನ್ನು. ಹೊಲಿಗೆ ಯಂತ್ರ ಅವರಿಗೆ ಬೇಡ, ಎಂಜಿನಿಯರಿಂಗ್‌ಗೆ ಅರ್ಜಿ ಹಾಕಿದ್ದರೆ ಹೊರತು. ಏನು ಓದಿದಿರಿ, ಅದರಲ್ಲಿ ಯಾವ ವಾದ ಒಪ್ಪಲಿಲ್ಲ ಎಂಬುದು ಬೇಕು.

ಸಹಾಯದ ಮಾತು. ಇಬ್ಬರಿಗೆ ತೋರಿಸಿ, ಐವರಿಗೆ ಬೇಡ. ಒಬ್ಬರು ನಿಮ್ಮನ್ನು ಚೆನ್ನಾಗಿ ಬಲ್ಲವರು, ಇನ್ನೊಬ್ಬರು ಅಷ್ಟಾಗಿ ಅರಿಯದವರು. 'ಚೆನ್ನಾಗಿದೆಯಾ' ಎಂದು ಕೇಳಬೇಡಿ, 'ಓದಿ ಮುಗಿಸಿದ ಮೇಲೆ ನನ್ನ ಬಗ್ಗೆ ಏನು ತಿಳಿಯಿತು' ಎಂದು ಕೇಳಿ. ಉತ್ತರ 'ತುಂಬಾ ಕಷ್ಟಪಟ್ಟು ಓದುವ ಹುಡುಗಿ' ಎಂದು ಬಂದರೆ ಕೆಲಸ ಬಾಕಿಯಿದೆ. ಅಪ್ಪ ಅಮ್ಮ ತಿದ್ದಿದ ಪ್ರಬಂಧದಲ್ಲಿ ಹದಿನೇಳರ ಹುಡುಗ ನಲವತ್ತೈದರ ಮ್ಯಾನೇಜರ್ ಹಾಗೆ ಮಾತಾಡುತ್ತಾನೆ, ಓದುವವರಿಗೆ ಅದು ಕ್ಷಣದಲ್ಲಿ ತಿಳಿಯುತ್ತದೆ. ಎಐ ಬರೆದುಕೊಟ್ಟ ಬರಹವನ್ನು ತನ್ನದೆಂದು ಸಲ್ಲಿಸುವುದನ್ನು ಕಾಮನ್ ಆ್ಯಪ್ ತನ್ನ ವಂಚನೆಯ ನಿಯಮದಲ್ಲೇ ಸೇರಿಸಿದೆ. ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ ಪ್ರಬಂಧಕ್ಕೆ ಅಂಕ ಕೊಡುವುದನ್ನೇ ನಿಲ್ಲಿಸಿತು. ಬರಹ ಎಷ್ಟು ನಯವಾಗಿದೆ ಎಂಬುದಕ್ಕೆ ಮೊದಲಿನ ಬೆಲೆ ಉಳಿದಿಲ್ಲ ಎಂದಾಯಿತು. ಅಚ್ಚುಕಟ್ಟಾದ ಸಾಲುಗಳಿಗಿಂತ ಟೆನ್ಷನ್ ಬಿಲ್ಲೆಯಂಥ ವಿವರಕ್ಕೆ ಒತ್ತು ಕೊಟ್ಟದ್ದು ಇದಕ್ಕೂ ಸೇರಿಯೇ.

ಸಮಯದ ಲೆಕ್ಕ: ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ. ಮೊದಲ ಸುತ್ತಿನ ಅರ್ಲಿ ಅರ್ಜಿಗಳ ಕೊನೆಯ ದಿನ ಬಹಳ ಕಡೆ ನವೆಂಬರ್ 1, ಸಾಮಾನ್ಯ ಸುತ್ತಿನ ರೆಗ್ಯುಲರ್ ಅರ್ಜಿಗಳಿಗೆ ಜನವರಿಯ ಮೊದಲ ದಿನಗಳು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಅಕ್ಟೋಬರ್ 15. ಜೂನ್‌ನಲ್ಲಿ ಪಟ್ಟಿ ಶುರುವಾದರೆ ಆಗಸ್ಟ್ ಕೊನೆಗೆ ಮುಖ್ಯ ಪ್ರಬಂಧ ಕೈಗೆ ಸಿಗುತ್ತದೆ, ಸಪ್ಲಿಮೆಂಟ್‌ಗಳಿಗೆ ಸೆಪ್ಟೆಂಬರ್, ಅಕ್ಟೋಬರ್ ಉಳಿಯುತ್ತವೆ. ಹತ್ತು ಕಾಲೇಜೆಂದರೆ ಇಪ್ಪತ್ತಕ್ಕೂ ಹೆಚ್ಚು ಸಣ್ಣ ಪ್ರಬಂಧ ಆದರೂ ಆದೀತು ಎಂಬುದನ್ನು ಪಟ್ಟಿ ಉದ್ದ ಮಾಡುವಾಗಲೇ ಎಣಿಸಿಕೊಳ್ಳಿ.

ಬೇರೆ ಕಡೆ ಟೈಪ್ ಮಾಡಿ ಅಂಟಿಸುವಾಗ ಪ್ಯಾರಾಗಳ ನಡುವಿನ ಜಾಗ ಮಾಯವಾಗುವುದು, ಕೊನೆಯ ಸಾಲು ಬಿಟ್ಟುಹೋಗುವುದು ಇದ್ದದ್ದೇ. ಸಲ್ಲಿಸುವ ಮೊದಲು ಬರುವ ಪಿಡಿಎಫ್ ಪ್ರತಿಯನ್ನು ತೆರೆದು ಪೂರ್ತಿ ಓದಿ. ಮುಖ್ಯ ಪ್ರಬಂಧವನ್ನು ಒಂದು ಕಾಲೇಜಿಗೆ ಕಳಿಸಿದ ಮೇಲೂ ಮುಂದಿನ ಕಾಲೇಜುಗಳಿಗಾಗಿ ತಿದ್ದಬಹುದು, ಆದರೆ ಕಳಿಸಿದ ಪ್ರತಿ ವಾಪಸ್ ಬರುವುದಿಲ್ಲ. ಸಪ್ಲಿಮೆಂಟ್‌ನಲ್ಲಿ ಕಾಲೇಜಿನ ಹೆಸರು ಬರುವ ಪ್ರತಿ ಜಾಗಕ್ಕೂ ಬೆರಳಿಟ್ಟು ನೋಡಿ. ಕೊನೆಯ ದಿನ ರಾತ್ರಿ ಹನ್ನೊಂದು ಗಂಟೆಗೆ ಅಂಟಿಸಿದ್ದರಲ್ಲಿ ಪಕ್ಕದ ಕಾಲೇಜಿನ ಹೆಸರೇ ಉಳಿದುಬಿಟ್ಟಿರುತ್ತದೆ.