ಬಗ್‌ನ ಬುಡ ಹುಡುಕುವುದು: ಹೊಸ ಡೆವಲಪರ್‌ಗಳಿಗೆ ಕೆಲವು ಮಾತು

ಕೆಲಸಕ್ಕೆ ಸೇರಿ ಒಂದೆರಡು ವರ್ಷವಾದ ಡೆವಲಪರ್‌ಗಳು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: ಮುಂದೆ ಯಾವ ಭಾಷೆ ಕಲಿಯಲಿ, ಯಾವ ಫ್ರೇಮ್‌ವರ್ಕ್ ಹಿಡಿಯಲಿ? ಇದಕ್ಕೆ ಅಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಿಮ್ಮ ಟೀಮ್ ಯಾವುದನ್ನು ಬಳಸುತ್ತದೋ ಅದನ್ನೇ ಆಳವಾಗಿ ಕಲಿಯಿರಿ, ಸಾಕು. ಎರಡನೇ ಭಾಷೆ ಮೊದಲನೆಯದಕ್ಕಿಂತ ಬೇಗ ಕೈಗೆ ಹತ್ತುತ್ತದೆ. ಯಾರಿಗೆ ದೊಡ್ಡ ಕೆಲಸ ಒಪ್ಪಿಸಬೇಕು ಎಂದು ಸೀನಿಯರ್‌ಗಳು ಯೋಚಿಸುವಾಗ ಅವರ ತಲೆಯಲ್ಲಿ ಇರುವುದು ಬೇರೆಯೇ ಪ್ರಶ್ನೆ: ಏನಾದರೂ ಕೆಟ್ಟರೆ ಇವರು ಕಾರಣ ಹುಡುಕಿ ತೆಗೆಯುತ್ತಾರಾ? ಈ ಶಕ್ತಿ ಬರುವುದು ಅಭ್ಯಾಸದಿಂದ. ಆ ಅಭ್ಯಾಸವನ್ನು ಮೊದಲ ವಾರದಿಂದಲೇ ಶುರು ಮಾಡಬಹುದು.

ಹೊಸ ಟೀಮ್‌ಗೆ ಹೋದ ಕೂಡಲೇ ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆದು ಓದುತ್ತಾ ಕೂರಬೇಡಿ. ಏನೂ ತಲೆಯಲ್ಲಿ ನಿಲ್ಲುವುದಿಲ್ಲ. ಅದರ ಬದಲು ಒಂದೇ ಒಂದು ಕ್ರಿಯೆಯನ್ನು ಆರಿಸಿಕೊಳ್ಳಿ, ಉದಾಹರಣೆಗೆ ಗ್ರಾಹಕ 'ಆರ್ಡರ್ ಮಾಡಿ' ಗುಂಡಿ ಒತ್ತುವುದು. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆರೆದು ಯಾವ ವಿಳಾಸಕ್ಕೆ ರಿಕ್ವೆಸ್ಟ್ ಹೋಯಿತು ನೋಡಿ. ಆ ವಿಳಾಸವನ್ನು ಕೋಡ್‌ನಲ್ಲಿ ಹುಡುಕಿ, ಅಲ್ಲೊಂದು ಬ್ರೇಕ್‌ಪಾಯಿಂಟ್ (ಕೋಡ್ ಓಡುತ್ತಾ ಬಂದು ನಿಲ್ಲುವ ಗುರುತು) ಹಾಕಿ, ಯಾವ ಫಂಕ್ಷನ್ ಯಾವುದನ್ನು ಕರೆಯುತ್ತದೆ, ಕೊನೆಗೆ ಯಾವ ಟೇಬಲ್‌ಗೆ ಏನು ಬರೆಯುತ್ತದೆ ಎನ್ನುವವರೆಗೆ ಹಿಂಬಾಲಿಸಿ. ಕಾಗದದ ಮೇಲೆ ಫೈಲ್‌ಗಳ ಹೆಸರು, ನಡುವೆ ಬಾಣದ ಗುರುತು, ಇಷ್ಟೇ ಚಿತ್ರ. ಅರ್ಧ ದಿನ ಹಿಡಿಯುತ್ತದೆ. ಮೊದಲ ತಿಂಗಳಲ್ಲಿ ಇಂಥ ಮೂರು ಕ್ರಿಯೆಗಳನ್ನು ಹೀಗೆ ಹಿಂಬಾಲಿಸಿದರೆ ಆಮೇಲೆ ಬರುವ ಟಿಕೆಟ್‌ಗಳಲ್ಲಿ (ದಾಖಲಾದ ದೂರು, ಕೆಲಸಗಳಲ್ಲಿ) ಎಲ್ಲಿ ಕೈ ಹಾಕಬೇಕು ಎಂಬ ಅಂದಾಜು ಸಿಗುತ್ತದೆ.

ಇನ್ನು ಎರರ್ ಓದುವುದು. ಪರದೆ ತುಂಬ ಕೆಂಪು ಅಕ್ಷರ ಕಂಡ ತಕ್ಷಣ ಮೊದಲ ಸಾಲನ್ನು ಕಾಪಿ ಮಾಡಿ ಹುಡುಕಲು ಹೊರಡುವವರೇ ಹೆಚ್ಚು. ಎಲ್ಲಿಂದ ಓದಬೇಕು ಎಂಬುದು ಭಾಷೆಯಿಂದ ಭಾಷೆಗೆ ಬೇರೆ. ಪೈಥಾನ್‌ನಲ್ಲಿ ಕೊನೆಯ ಸಾಲಿನಲ್ಲಿ ಎರರ್ ಇರುತ್ತದೆ, ಅದರ ಸ್ವಲ್ಪ ಮೇಲೆ ಅದು ಘಟಿಸಿದ ಜಾಗ. ಜಾವಾದಲ್ಲಿ ಉಲ್ಟಾ, ಮೇಲಿನದು ಇತ್ತೀಚಿನ ಕರೆ. ಆದರೆ ಒಂದರೊಳಗೊಂದು ಸುತ್ತಿದ ಎಕ್ಸೆಪ್ಷನ್ (ಕೋಡ್ ಎಸೆಯುವ ಎರರ್) ಇದ್ದರೆ ಕೆಳಗೆ ಇಳಿದು ಕೊನೆಯ 'ಕಾಸ್ಡ್ ಬೈ' ನೋಡಬೇಕು, ಮೂಲ ಕಾರಣ ಅಲ್ಲಿರುತ್ತದೆ. ಎರಡರಲ್ಲೂ ಲೈಬ್ರರಿಯ ಸಾಲುಗಳನ್ನು ದಾಟಿ, ನಿಮ್ಮದೇ ಪ್ರಾಜೆಕ್ಟ್‌ನ ಫೈಲ್ ಹೆಸರು ಇರುವ ಸಾಲನ್ನು ಹಿಡಿಯಿರಿ.

ಒಂದು ಬಗ್ಅನ್ನು ಹತ್ತಿರದಿಂದ ನೋಡೋಣ. ದೂರು ಹೀಗಿದೆ: ಕೆಲವು ಬಿಲ್‌ಗಳಲ್ಲಿ ಒಟ್ಟು ಮೊತ್ತ 0.01ರಷ್ಟು ಕಡಿಮೆ ಬರುತ್ತಿದೆ. ಎಲ್ಲ ಬಿಲ್‌ಗಳಲ್ಲೂ ಅಲ್ಲ, ಕೆಲವದರಲ್ಲಿ ಮಾತ್ರ.

ಮೊದಲ ಕೆಲಸ, ಅದು ನಿಮ್ಮ ಕಣ್ಣೆದುರು ಮತ್ತೆ ಆಗುವಂತೆ ಮಾಡುವುದು. ತಪ್ಪು ಬಂದ ಒಂದು ಬಿಲ್‌ನ ವಸ್ತುಗಳನ್ನು ಹಾಗೇ ನಿಮ್ಮ ಯಂತ್ರದಲ್ಲಿ ಹಾಕಿ. ತಪ್ಪು ಬಂತೇ? ಹಾಗಾದರೆ 40 ವಸ್ತುಗಳಲ್ಲಿ 20 ತೆಗೆಯಿರಿ. ಇನ್ನೂ ಬರುತ್ತಿದ್ದರೆ ಉಳಿದದ್ದರಲ್ಲಿ ಮತ್ತೆ ಅರ್ಧ. ತಪ್ಪು ಮಾಯವಾದರೆ ತೆಗೆದ ಅರ್ಧದಲ್ಲಿ ಹುಡುಕಿ. ಹೀಗೆ ಐದಾರು ಸುತ್ತಿನಲ್ಲಿ ಒಂದೇ ವಸ್ತುವಿಗೆ ಬಂದು ನಿಲ್ಲುತ್ತೀರಿ: ತೆರಿಗೆ ಸೇರಿ 1.005 ಆಗುವ ಒಂದು ಸಾಲು. ಅದು 1.01 ಆಗಬೇಕಿತ್ತು, 1.00 ಆಗಿದೆ. ಈ ಒಂದು ಸಾಲನ್ನೇ ಟೆಸ್ಟ್ ಆಗಿ ಬರೆಯಿರಿ. ಟೆಸ್ಟ್ ಫೇಲ್ ಆಗಬೇಕು. ಫೇಲ್ ಆಗುವ ಟೆಸ್ಟ್ ಕೈಯಲ್ಲಿಲ್ಲದೆ ಕೋಡ್ ತಿದ್ದಲು ಹೊರಟರೆ ಕತ್ತಲಲ್ಲಿ ಕಲ್ಲು ಹೊಡೆದಂತೆ. ಬಿದ್ದಿದ್ದು ಹಣ್ಣೋ ಕಾಯೋ ಗೊತ್ತಾಗುವುದಿಲ್ಲ.

ಮುಂದಿನ ಪ್ರಶ್ನೆ, ಇದು ಯಾವಾಗಿನಿಂದ ಕೆಟ್ಟಿತು? ಎರಡು ತಿಂಗಳ ಹಿಂದಿನ ಬಿಲ್‌ಗಳು ಸರಿ ಇವೆ ಎಂದು ಗೊತ್ತಿದ್ದರೆ ಗಿಟ್ ಬೈಸೆಕ್ಟ್ ಇಲ್ಲಿ ಬಲು ಉಪಕಾರಿ. ಗಿಟ್ ಎಂದರೆ ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಸಾಧನ, ಅದರಲ್ಲಿ ದಾಖಲಾದ ಒಂದೊಂದು ಬದಲಾವಣೆ ಒಂದು ಕಮಿಟ್. ಕೆಟ್ಟ ಕಮಿಟ್ ಯಾವುದೆಂದು ಬೈಸೆಕ್ಟ್ ಅರ್ಧ ಅರ್ಧ ಮಾಡುತ್ತಾ ಹುಡುಕುತ್ತದೆ. 'ಗಿಟ್ ಬೈಸೆಕ್ಟ್ ಸ್ಟಾರ್ಟ್' ಎಂದು ಕೊಟ್ಟು, ಈಗಿನ ಕಮಿಟ್‌ಗೆ 'ಬ್ಯಾಡ್', ಎರಡು ತಿಂಗಳ ಹಿಂದಿನದಕ್ಕೆ 'ಗುಡ್' ಎಂದು ಹೇಳಿ. ಅದು ನಡುವಿನ ಕಮಿಟ್‌ಗೆ ಒಯ್ದು ನಿಲ್ಲಿಸುತ್ತದೆ, ನೀವು ಟೆಸ್ಟ್ ಓಡಿಸಿ ಸರಿಯೋ ತಪ್ಪೋ ಹೇಳುತ್ತಾ ಹೋಗುತ್ತೀರಿ. ನಡುವೆ 1000 ಕಮಿಟ್ ಇದ್ದರೂ ಸುಮಾರು 10 ಹೆಜ್ಜೆಯಲ್ಲಿ ಮುಗಿಯುತ್ತದೆ. 'ಗಿಟ್ ಬೈಸೆಕ್ಟ್ ರನ್' ಕೊಟ್ಟು ಮುಂದೆ ಟೆಸ್ಟ್ ಸ್ಕ್ರಿಪ್ಟ್‌ನ ಹೆಸರು ಹಾಕಿದರೆ ಇದನ್ನೂ ಅದೇ ಮಾಡುತ್ತದೆ: ಸ್ಕ್ರಿಪ್ಟ್ 0 ಹಿಂದಿರುಗಿಸಿದರೆ ಸರಿ, 1 ಹಿಂದಿರುಗಿಸಿದರೆ ತಪ್ಪು, ಆ ಕಮಿಟ್‌ನಲ್ಲಿ ಬಿಲ್ಡ್ ಆಗುವುದೇ ಇಲ್ಲ ಎಂದಾದರೆ 125 ಕೊಡಿ, ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಹೊಸಬರು ಎಡವುವುದು ಇಲ್ಲೊಂದು ಕಡೆ. ಹೊಸ ಟೆಸ್ಟ್ ಫೈಲ್ ಹಳೆಯ ಕಮಿಟ್‌ಗಳಲ್ಲಿ ಇರುವುದಿಲ್ಲ. ಆದ್ದರಿಂದ ಅದನ್ನು ಕಮಿಟ್ ಮಾಡದೆ ರಿಪೊದ (ಗಿಟ್ ನೋಡಿಕೊಳ್ಳುವ ಕೋಡ್ ಫೋಲ್ಡರ್‌ನ) ಹೊರಗಿನ ಫೋಲ್ಡರ್‌ನಲ್ಲಿ ಇಟ್ಟು ಓಡಿಸಿ. ಮುಗಿದ ಮೇಲೆ 'ಗಿಟ್ ಬೈಸೆಕ್ಟ್ ರೀಸೆಟ್' ಮರೆಯಬೇಡಿ, ಇಲ್ಲದಿದ್ದರೆ ಹಳೆಯ ಕಮಿಟ್‌ನ ಮೇಲೆಯೇ ಕೆಲಸ ಮಾಡುತ್ತಾ ಕೂರುತ್ತೀರಿ.

ಕಮಿಟ್ ಸಿಕ್ಕಿತು ಎನ್ನೋಣ. ಡೆಸಿಮಲ್ ಟೈಪ್ (ದಶಮಾಂಶವನ್ನು ಇದ್ದಂತೆಯೇ ಇಡುವ ಬಗೆ) ಇದ್ದ ಜಾಗದಲ್ಲಿ ಫ್ಲೋಟ್ (ಸಂಖ್ಯೆಯನ್ನು ಬೈನರಿಯಲ್ಲಿ, ಹಲವು ಸಲ ಅಂದಾಜಾಗಿ ಇಡುವ ಬಗೆ) ಬಂದಿದೆ. 1.005 ಎಂಬ ಸಂಖ್ಯೆಯನ್ನು ಬೈನರಿ ಫ್ಲೋಟ್ ಸರಿಯಾಗಿ ಹಿಡಿಯಲಾರದು, 100ರಿಂದ ಗುಣಿಸಿದರೆ 100.49999999999999 ಬರುತ್ತದೆ, ರೌಂಡ್ ಮಾಡಿದಾಗ ಕೆಳಗೆ ಜಾರುತ್ತದೆ. 0.1ಕ್ಕೆ 0.2 ಕೂಡಿದರೆ 0.30000000000000004 ಬರುವುದೂ ಇದೇ ಕಾರಣಕ್ಕೆ. ಈಗ ಬಿಲ್ ತೋರಿಸುವ ಜಾಗದಲ್ಲಿ ಚೂರು ಸೇರಿಸಿ ರೌಂಡ್ ಮಾಡಿದರೆ ಟಿಕೆಟ್ ಮುಚ್ಚಬಹುದು. ಆದರೆ ತಿಂಗಳ ಕೊನೆಯ ವರದಿ ಬೇರೆ ದಾರಿಯಿಂದ ಲೆಕ್ಕ ಹಾಕುತ್ತದೆ, ಅದಕ್ಕೂ ಬಿಲ್‌ಗೂ ತಾಳೆಯಾಗುವುದಿಲ್ಲ, ಇನ್ನೊಂದು ಟಿಕೆಟ್ ಹುಟ್ಟುತ್ತದೆ. ಸರಿಯಾದ ದಾರಿ ಎಂದರೆ ಹಣವನ್ನು ಡೆಸಿಮಲ್ ಟೈಪ್‌ನಲ್ಲಿ, ಇಲ್ಲವೇ ಅತಿ ಚಿಕ್ಕ ನಾಣ್ಯದ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡುವುದು, ರೌಂಡ್ ಮಾಡುವ ನಿಯಮವನ್ನು ಒಂದೇ ಫಂಕ್ಷನ್‌ನಲ್ಲಿ ಇಟ್ಟು ಎಲ್ಲರೂ ಅದನ್ನೇ ಕರೆಯುವಂತೆ ಮಾಡುವುದು.

ಅಲ್ಲಿಗೂ ಕೆಲಸ ಮುಗಿಯುವುದಿಲ್ಲ. ಕೋಡ್ ಸರಿಯಾಯಿತು, ಈ ಎರಡು ತಿಂಗಳಲ್ಲಿ ಡೇಟಾಬೇಸ್‌ಗೆ ಹೋಗಿ ಕೂತ ತಪ್ಪು ಮೊತ್ತಗಳ ಗತಿ ಏನು? ಎಷ್ಟು ಸಾಲುಗಳು, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಎಂದು ಎಣಿಸಿ ಟಿಕೆಟ್‌ನಲ್ಲಿ ಬರೆಯಿರಿ. ತಿದ್ದಬೇಕೇ ಬೇಡವೇ ಎಂದು ಮೇಲಿನವರು ತೀರ್ಮಾನಿಸಲಿ. ಈ ಒಂದು ಪ್ರಶ್ನೆಯನ್ನು ಯಾರೂ ಕೇಳುವ ಮೊದಲೇ ಎತ್ತುವ ಜೂನಿಯರ್ ಬಗ್ಗೆ ಟೀಮ್‌ಗೆ ಹುಟ್ಟುವ ಭರವಸೆಗೆ ಯಾವ ಸರ್ಟಿಫಿಕೇಟ್ ಕೂಡ ಸಾಟಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಡೇಟಾಬೇಸ್ ಎಂದ ಮೇಲೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಹೊಸಬರ ಕೋಡ್ ಪ್ರೊಡಕ್ಷನ್‌ನಲ್ಲಿ (ಗ್ರಾಹಕರು ನಿಜವಾಗಿ ಬಳಸುವ ಸರ್ವರ್‌ನಲ್ಲಿ) ಕುಂಟುವುದು ಹೆಚ್ಚಾಗಿ ಇಲ್ಲೇ. ನಿಮ್ಮ ಯಂತ್ರದ ಟೇಬಲ್‌ನಲ್ಲಿ 50 ಸಾಲು, ಅಲ್ಲಿ 50 ಲಕ್ಷ. 100 ಆರ್ಡರ್ ತಂದು, ಪ್ರತಿಯೊಂದಕ್ಕೂ ಲೂಪ್‌ನೊಳಗೆ ಗ್ರಾಹಕನ ಹೆಸರು ತಂದರೆ ಒಟ್ಟು 101 ಕ್ವೆರಿ (ಡೇಟಾಬೇಸ್‌ಗೆ ಹೋಗುವ ಪ್ರಶ್ನೆ). ಒಆರ್‌ಎಂ (ಕ್ವೆರಿಗಳನ್ನು ನಿಮ್ಮ ಪರವಾಗಿ ಬರೆಯುವ ಲೈಬ್ರರಿ) ಬಳಸುವಾಗ ಇದು ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ಅಭಿವೃದ್ಧಿ ಮಾಡುವಾಗ ಕ್ವೆರಿ ಲಾಗ್ ತೆರೆದಿಡಿ, ಒಂದು ಪುಟಕ್ಕೆ ಎಷ್ಟು ಕ್ವೆರಿ ಹೋದವು ಎಣಿಸಿ. ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಡುವ ಪಟ್ಟಿ) ಇರುವ ದಿನಾಂಕದ ಕಾಲಮ್‌ಗೆ ಫಂಕ್ಷನ್ ಸುತ್ತಿ ಹೋಲಿಸಿದರೆ ಸಾಮಾನ್ಯವಾಗಿ ಆ ಇಂಡೆಕ್ಸ್ ಬಳಕೆಯಾಗುವುದಿಲ್ಲ. 'ಈ ದಿನದ ಆರಂಭದಿಂದ, ಮರುದಿನದ ಆರಂಭಕ್ಕಿಂತ ಮುಂಚೆ' ಎಂದು ವ್ಯಾಪ್ತಿ ಕೊಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 'ಎಕ್ಸ್‌ಪ್ಲೇನ್' ಯೋಜನೆಯನ್ನಷ್ಟೇ ತೋರಿಸುತ್ತದೆ, 'ಎಕ್ಸ್‌ಪ್ಲೇನ್ ಅನಲೈಸ್' ಕ್ವೆರಿಯನ್ನು ನಿಜವಾಗಿಯೂ ಓಡಿಸುತ್ತದೆ. ಡಿಲೀಟ್‌ನ ಮುಂದೆ ಅದನ್ನು ಹಾಕಿದರೆ ಸಾಲುಗಳು ನಿಜವಾಗಿಯೂ ಅಳಿಸಿಹೋಗುತ್ತವೆ. ಕೈಯಿಂದ ಅಪ್‌ಡೇಟ್ ಅಥವಾ ಡಿಲೀಟ್ ಮಾಡಬೇಕಾಗಿ ಬಂದರೆ ಮೊದಲು ಅದೇ ಷರತ್ತಿನಲ್ಲಿ ಸೆಲೆಕ್ಟ್ ಬರೆದು ಎಣಿಕೆ ನೋಡಿ, ಆಮೇಲೆ ಟ್ರಾನ್ಸಾಕ್ಷನ್ ಶುರು ಮಾಡಿ, ಬದಲಾದ ಸಾಲುಗಳ ಸಂಖ್ಯೆ ಆ ಎಣಿಕೆಗೆ ಹೊಂದಿದರೆ ಮಾತ್ರ ಕಮಿಟ್ (ಇಲ್ಲಿ ಬದಲಾವಣೆಯನ್ನು ಖಾಯಂ ಮಾಡುವುದು), ಇಲ್ಲವಾದರೆ ರೋಲ್‌ಬ್ಯಾಕ್ (ಮೊದಲಿದ್ದಂತೆ ಮಾಡುವುದು).

ಕಾಲಮ್‌ನ ಹೆಸರು ಬದಲಿಸುವುದೂ ಸಣ್ಣ ಕೆಲಸದಂತೆ ಕಾಣುತ್ತದೆ. ಡಿಪ್ಲಾಯ್ (ಹೊಸ ಕೋಡ್ ಸರ್ವರ್‌ಗೆ ಹೋಗುವುದು) ಆಗುವಾಗ ಕೆಲವು ನಿಮಿಷ ಹಳೆಯ ಕೋಡ್, ಹೊಸ ಕೋಡ್ ಎರಡೂ ಓಡುತ್ತಿರುತ್ತವೆ. ಹೆಸರು ಬದಲಾದ ಕ್ಷಣವೇ ಹಳೆಯ ಕೋಡ್ ಮುರಿದು ಬೀಳುತ್ತದೆ. ಹೊಸ ಕಾಲಮ್ ಸೇರಿಸಿ, ಎರಡಕ್ಕೂ ಬರೆಯಿರಿ, ಹಳೆಯ ಸಾಲುಗಳನ್ನು ಕೆಲವು ಸಾವಿರದಂತೆ ಕಂತುಗಳಲ್ಲಿ ತುಂಬಿಸಿ, ಓದುವುದನ್ನು ಹೊಸದಕ್ಕೆ ತಿರುಗಿಸಿ, ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿ, ಕೊನೆಗೆ ಅದನ್ನು ತೆಗೆಯಿರಿ. ಒಂದೇ ದಿನದ ಕೆಲಸವಲ್ಲ, ನಾಲ್ಕೈದು ಡಿಪ್ಲಾಯ್‌ಗಳ ಕೆಲಸ.

ಪುಲ್ ರಿಕ್ವೆಸ್ಟ್ (ನಿಮ್ಮ ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂದು ಟೀಮ್‌ಗೆ ಕಳಿಸುವ ಕೋರಿಕೆ) ವಿಚಾರದಲ್ಲಿ ಒಂದೇ ಹಟ ಹಿಡಿಯಿರಿ: ಚಿಕ್ಕದಾಗಿರಲಿ. 200 ಸಾಲಿನ ಬದಲಾವಣೆಯನ್ನು ಜನ ಓದುತ್ತಾರೆ, 2000 ಸಾಲಿನದನ್ನು ಮೇಲಿಂದ ಕೆಳಗೆ ಉರುಳಿಸಿ ಒಪ್ಪಿಗೆ ಒತ್ತುತ್ತಾರೆ. ಹೆಸರು ಬದಲಾವಣೆ, ಫೈಲ್ ಸ್ಥಳಾಂತರ, ಫಾರ್ಮ್ಯಾಟಿಂಗ್ ಇವೆಲ್ಲ ಒಂದು ಕಡೆ, ವರ್ತನೆ ಬದಲಾಗುವ ಕೋಡ್ ಇನ್ನೊಂದು ಕಡೆ. ವಿವರಣೆಯಲ್ಲಿ ಏನು ಬದಲಾಯಿತು ಎನ್ನುವುದಕ್ಕಿಂತ ಏಕೆ ಬದಲಾಯಿತು ಎಂದು ಬರೆಯಿರಿ, ಹೇಗೆ ಪರೀಕ್ಷಿಸಿದಿರಿ ಎಂದು ಬರೆಯಿರಿ. ಏನು ಎಂಬುದು ಡಿಫ್‌ನಲ್ಲೇ (ಬದಲಾದ ಸಾಲುಗಳ ಪಟ್ಟಿಯಲ್ಲೇ) ಕಾಣುತ್ತದೆ. ಕಳಿಸುವ ಮುನ್ನ ನಿಮ್ಮ ಡಿಫ್‌ಅನ್ನು ನೀವೇ ರಿವ್ಯೂ ಪುಟದಲ್ಲಿ ಒಮ್ಮೆ ಓದಿ, ಮರೆತ ಪ್ರಿಂಟ್ ಸಾಲು, ಪಾಸ್‌ವರ್ಡ್ ಇರುವ ಕಾನ್ಫಿಗ್ ಫೈಲ್ ಅಲ್ಲೇ ಸಿಕ್ಕಿಬೀಳುತ್ತವೆ. ಪಾಸ್‌ವರ್ಡ್ ಅಥವಾ ಕೀ ಒಮ್ಮೆ ಪುಶ್ ಆಗಿಹೋದರೆ ಮುಂದಿನ ಕಮಿಟ್‌ನಲ್ಲಿ ಅಳಿಸಿ ಪ್ರಯೋಜನವಿಲ್ಲ, ಅದು ಇತಿಹಾಸದಲ್ಲಿ ಉಳಿದಿರುತ್ತದೆ. ಕೂಡಲೇ ಟೀಮ್‌ಗೆ ತಿಳಿಸಿ, ಆ ಕೀಯನ್ನು ರದ್ದು ಮಾಡಿಸಿ ಹೊಸದು ಪಡೆಯಿರಿ. ಮುಚ್ಚಿಡುವುದು ಮಾತ್ರ ಬೇಡವೇ ಬೇಡ.

ಸಹಾಯ ಕೇಳಲು ನಾಚಿಕೆ ಬೇಡ, ಆದರೆ ಕೇಳುವ ರೀತಿ ಇದೆ. 'ಸರ್, ಲಾಗಿನ್ ಕೆಲಸ ಮಾಡ್ತಿಲ್ಲ, ಸ್ವಲ್ಪ ನೋಡ್ತೀರಾ?' ಎಂಬ ಮೆಸೇಜ್‌ಗೆ ಉತ್ತರವಾಗಿ ಐದು ಪ್ರಶ್ನೆ ಬರುತ್ತವೆ, ಅರ್ಧ ದಿನ ಹೋಗುತ್ತದೆ. ಹೀಗೆ ಬರೆದು ನೋಡಿ: 'ಸರ್, ಟೆಸ್ಟ್ ಸರ್ವರ್‌ನಲ್ಲಿ ಲಾಗಿನ್ ಮಾಡಿದರೆ 401 ಬರುತ್ತಿದೆ, ನನ್ನ ಯಂತ್ರದಲ್ಲಿ ಸರಿ ಇದೆ. ಟೋಕನ್ ತೆಗೆದು ನೋಡಿದೆ, ಅದರ ಅವಧಿ ಮುಗಿಯುವ ಸಮಯ ಸರ್ವರ್ ಗಡಿಯಾರಕ್ಕಿಂತ 4 ನಿಮಿಷ ಹಿಂದಿದೆ. ಎರಡು ಸರ್ವರ್‌ಗಳ ಗಡಿಯಾರ ಬೇರೆ ಇರಬಹುದು ಅನ್ನಿಸುತ್ತಿದೆ. ಅದನ್ನು ನೋಡಲು ನನಗೆ ಆಕ್ಸೆಸ್ ಇಲ್ಲ.' (401 ಎಂದರೆ ಲಾಗಿನ್ ಒಪ್ಪಲಿಲ್ಲ ಎಂಬ ಸರ್ವರ್‌ನ ಉತ್ತರ, ಟೋಕನ್ ಎಂದರೆ ಲಾಗಿನ್ ಆದವರಿಗೆ ಸಿಗುವ ಗುರುತುಚೀಟಿ.) ಇದಕ್ಕೆ ಎರಡು ನಿಮಿಷದಲ್ಲಿ ಉತ್ತರ ಬರುತ್ತದೆ. ಎರರ್‌ಅನ್ನು ಚಿತ್ರವಾಗಿ ಕಳಿಸದೆ ಅಕ್ಷರವಾಗಿ ಕಳಿಸಿ, ಅವರು ಕಾಪಿ ಮಾಡಿ ಹುಡುಕಬೇಕಲ್ಲ. ಎಷ್ಟು ಹೊತ್ತು ಒಬ್ಬರೇ ಒದ್ದಾಡಬೇಕು? ಮುಕ್ಕಾಲು ಗಂಟೆ ಹೊಸದೇನೂ ಗೊತ್ತಾಗದೆ ಕಳೆದರೆ ಕೇಳಿ. ಹೊಸ ಸುಳಿವು ಸಿಗುತ್ತಿದ್ದರೆ ಮುಂದುವರಿಸಿ.

ಎಐ ಸಹಾಯಕಗಳಿಂದ ಕೋಡ್ ಬರೆಸುವುದು ತಪ್ಪಲ್ಲ. ಆದರೆ ಆರಂಭದ ವರ್ಷಗಳಲ್ಲಿ ಕ್ರಮ ಮುಖ್ಯ. ಮೊದಲು ನೀವು ಹೇಗೆ ಮಾಡುತ್ತೀರಿ ಎಂದು ನಾಲ್ಕು ಸಾಲು ಬರೆದುಕೊಳ್ಳಿ, ಆಮೇಲೆ ಅದನ್ನು ಕೇಳಿ, ಎಲ್ಲಿ ಬೇರೆಯಾಯಿತು, ಏಕೆ ಎಂದು ನೋಡಿ. ಅದು ಸೂಚಿಸಿದ ಪ್ಯಾಕೇಜ್ ನಿಜಕ್ಕೂ ಇದೆಯೇ ಎಂದು ಪರೀಕ್ಷಿಸದೆ ಇನ್‌ಸ್ಟಾಲ್ ಮಾಡಬೇಡಿ. ಇಲ್ಲದ ಹೆಸರುಗಳನ್ನು ಅವು ಹೇಳುವುದುಂಟು, ಅಂಥ ಹೆಸರಿನಲ್ಲಿ ಕೇಡಿನ ಕೋಡ್ ತುಂಬಿಟ್ಟು ಕಾಯುವವರೂ ಇದ್ದಾರೆ. ರಿವ್ಯೂನಲ್ಲಿ 'ಈ ಸಾಲು ಏಕೆ?' ಎಂದು ಕೇಳಿದಾಗ ಉತ್ತರಿಸಲಾಗದ ಸಾಲು ನಿಮ್ಮ ಹೆಸರಿನಲ್ಲಿ ಹೋಗಬಾರದು.

ಅಂದಾಜು ಕೇಳಿದರೆ ಕೆಲಸವನ್ನು ಅರ್ಧ ದಿನದ ತುಂಡುಗಳಾಗಿ ಒಡೆಯಿರಿ. ಒಡೆಯಲಾಗದ ತುಂಡು ಇದ್ದರೆ ಅದು ನಿಮಗಿನ್ನೂ ಅರ್ಥವಾಗಿಲ್ಲ, ಹಾಗೆಂದೇ ಹೇಳಿ. ಟೆಸ್ಟ್, ರಿವ್ಯೂಗೆ ಕಾಯುವುದು, ಡಿಪ್ಲಾಯ್ ಎಲ್ಲವನ್ನೂ ಸೇರಿಸಿ. ತಡವಾಗುವ ಸೂಚನೆ ಕಂಡ ದಿನವೇ ತಿಳಿಸಿ.

ಪ್ರತಿ ಶುಕ್ರವಾರ ಹತ್ತು ನಿಮಿಷ ಕೂತು ಆ ವಾರ ಮಾಡಿದ್ದನ್ನು ಬರೆದಿಡಿ: ದಿನಾಂಕ, ಸಮಸ್ಯೆ, ಸಿಕ್ಕ ಕಾರಣ, ಮೊದಲಿನ ಅಳತೆ, ಆಮೇಲಿನ ಅಳತೆ, ಟಿಕೆಟ್ ಸಂಖ್ಯೆ. 'ವರದಿ ಪುಟ ವೇಗಗೊಳಿಸಿದೆ' ಎಂಬುದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. 'ವರದಿ ಪುಟ 14 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, 301 ಕ್ವೆರಿ ಹೋಗುತ್ತಿದ್ದವು, 2ಕ್ಕೆ ಇಳಿಸಿದೆ, ಈಗ 1 ಸೆಕೆಂಡ್‌ಗಿಂತ ಕಡಿಮೆ' ಎಂಬುದು ಉಳಿಯುತ್ತದೆ. ಅಪ್ರೈಸಲ್‌ಗೆ ಇದೇ ಆಧಾರ, ರೆಸ್ಯೂಮೆಗೂ ಇದೇ. ಅಳತೆಯನ್ನು ತಿದ್ದುವ ಮುಂಚೆಯೇ ಬರೆದಿಟ್ಟುಕೊಳ್ಳಬೇಕು, ತಿದ್ದಿದ ಮೇಲೆ ಹಳೆಯ ಸಂಖ್ಯೆ ಸಿಗುವುದು ಕಷ್ಟ.

ಕೆಲಸ ಬದಲಿಸುವುದು ಯಾವಾಗ ಎಂಬುದಕ್ಕೆ ನನ್ನ ಅಳತೆಗೋಲು ತಿಂಗಳುಗಳ ಲೆಕ್ಕವಲ್ಲ. ನೀವು ಬರೆದ ಕೋಡ್ ಹಳತಾಗಿ, ಅದಕ್ಕೆ ಯಾರೋ ಹೊಸ ಬೇಡಿಕೆ ತಂದು, ಅದನ್ನು ತಿದ್ದುವ ಕಷ್ಟ ನಿಮ್ಮ ಪಾಲಿಗೇ ಬರುವವರೆಗೆ ಒಂದು ಕಡೆ ಇರುವುದು ಒಳ್ಳೆಯದು. ಡಿಸೈನ್ ಎಂದರೇನು ಎಂದು ಗೊತ್ತಾಗುವುದು ಆಗ. ಆದರೆ ರಿವ್ಯೂ ಮಾಡುವವರೇ ಇಲ್ಲದ, ಪ್ರಶ್ನೆ ಕೇಳಿದರೆ ಬೈಸಿಕೊಳ್ಳುವ ಜಾಗದಲ್ಲಿ ಅಷ್ಟು ದಿನ ಕಾಯಬೇಕಿಲ್ಲ. ಹೊಸ ಕಡೆ ಇಂಟರ್‌ವ್ಯೂ ಕೊಡುವಾಗ ಕೊನೆಯಲ್ಲಿ 'ನಿಮಗೇನಾದರೂ ಪ್ರಶ್ನೆ ಇದೆಯೇ' ಎನ್ನುತ್ತಾರಲ್ಲ, ಆಗ ಮೂರು ಕೇಳಿ. ವಾರಕ್ಕೆ ಎಷ್ಟು ಬಾರಿ ಡಿಪ್ಲಾಯ್ ಆಗುತ್ತದೆ? ಜೂನಿಯರ್‌ಗಳ ಕೋಡ್ ಯಾರು ರಿವ್ಯೂ ಮಾಡುತ್ತಾರೆ? ಕಳೆದ ಬಾರಿ ಪ್ರೊಡಕ್ಷನ್ ಬಿದ್ದಾಗ ಏನು ನಡೆಯಿತು? ಮೂರನೆಯದಕ್ಕೆ ಲಾಗ್, ಕಾರಣ, ಆಮೇಲೆ ಸೇರಿಸಿದ ಟೆಸ್ಟ್ ಬಗ್ಗೆ ಮಾತು ಬಂದರೆ ಅಲ್ಲಿ ಕಲಿಯಲು ಸಿಗುತ್ತದೆ. ಯಾರ ತಪ್ಪು ಎಂಬ ಹೆಸರೇ ಮೊದಲು ಬಂದರೆ, ಆಫರ್ ಎಷ್ಟೇ ದೊಡ್ಡದಿದ್ದರೂ ಇನ್ನೊಂದು ಕಡೆ ನೋಡಿ.